ಬಿದ್ರಿ ಹೂಜಿಗೆ ಡಾಲರಿನಲ್ಲಿ ಎಷ್ಟು, ಯೆನ್ನಿನಲ್ಲಿ ಎಷ್ಟು? ಲೆಕ್ಕ ತಪ್ಪದ ಬೆಲೆ ಲೈಬ್ರರಿ ಕಟ್ಟುವ ಬಗೆ

ಬೀದರಿನ ಹಳೆ ಊರಿನ ಓಣಿಯೊಂದರಲ್ಲಿ ಬಿದ್ರಿ ಕೆಲಸ ಮಾಡುವ ಕುಟುಂಬಕ್ಕೆ ವೆಬ್‌ಸೈಟ್ ಮಾಡಿಕೊಡಲು ಹೋದಾಗ ಮೊದಲ ದಿನವೇ ಬಂದ ಪ್ರಶ್ನೆ ಇದು: “ಈ ಹೂಜಿಗಿ ದುಬೈದವರಿಗಿ ಎಷ್ಟು ಹೇಳಬೇಕ್ರಿ? ಜಪಾನಿನವ್ರು ಕೇಳಿದ್ರ ಎಷ್ಟು?” ರೂಪಾಯಿ ಬೆಲೆಯನ್ನು ಡಾಲರ್ ದರದಿಂದ ಭಾಗಿಸಿದರೆ ಆಯಿತಲ್ಲ ಎಂದು ನಾನೂ ಅಂದುಕೊಂಡಿದ್ದೆ. ಒಂದು ಕರೆನ್ಸಿಗೆ ಅದು ನಡೆದೀತು. ಐದಾರು ಕರೆನ್ಸಿ, ದಿನಾ ಏರಿಳಿಯುವ ಬೆಳ್ಳಿ ದರ, ರಿಯಾಯಿತಿ, ಮರುಪಾವತಿ ಎಲ್ಲ ಸೇರಿದಾಗ ಭಾಗಾಕಾರವೊಂದೇ ಸಾಲದು. ಕಲಬುರಗಿ, ಬೀದರ್, ಯಾದಗಿರಿಯಿಂದ ಹೊರದೇಶಕ್ಕೆ ಏನನ್ನಾದರೂ ಮಾರಲು ಹೊರಟವರಿಗೆ ಮತ್ತು ಅವರಿಗೆ ತಂತ್ರಾಂಶ ಬರೆದುಕೊಡುವ ನಮ್ಮ ಹುಡುಗ ಹುಡುಗಿಯರಿಗೆ ಈ ಲೇಖನ. ಲೈಬ್ರರಿ ಎಂದರೆ ಇಲ್ಲಿ ಬೆಲೆ ಲೆಕ್ಕ ಹಾಕುವ ಕೋಡ್ ಎಲ್ಲವನ್ನೂ ಒಂದೇ ಕಡೆ ಇಟ್ಟ ಕಟ್ಟು. ಕೋಡ್ ಯಾವ ಭಾಷೆಯಲ್ಲಿದ್ದರೂ ಹಂತಗಳು ಇವೇ.

ಹಂತ 1: ಮೊದಲು ಕಾಗದದ ಮೇಲೆ ಬೆಲೆ ಒಡೆಯಿರಿ

ಕಂಪ್ಯೂಟರ್ ತೆರೆಯುವ ಮುಂಚೆ ಕುಶಲಕರ್ಮಿಯ ಎದುರು ಕುಳಿತು ಒಂದು ವಸ್ತುವಿನ ಬೆಲೆ ಹೇಗೆ ಹುಟ್ಟುತ್ತದೆ ಎಂದು ಬರೆದುಕೊಳ್ಳಿ. ಬಿದ್ರಿಯಲ್ಲಿ ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ಯುತ್ತಾರೆ, ಚಾಣದಿಂದ ಚಿತ್ತಾರ ಕೊರೆಯುತ್ತಾರೆ, ಆ ಗೀರುಗಳಲ್ಲಿ ಬೆಳ್ಳಿಯ ತಂತಿ ಅಥವಾ ತಗಡು ಕೂರಿಸುತ್ತಾರೆ, ಕೊನೆಗೆ ಕೋಟೆಯ ಮಣ್ಣು ಮತ್ತು ನವಸಾಗರದ ನೀರಿನಲ್ಲಿ ಕಾಯಿಸಿ ಕಪ್ಪು ಬರಿಸುತ್ತಾರೆ. ಇದರಲ್ಲಿ ಬೆಳ್ಳಿಯ ಬೆಲೆ ದಿನಾ ಬದಲಾಗುತ್ತದೆ, ಕೂಲಿ ಅಪರೂಪಕ್ಕೆ ಬದಲಾಗುತ್ತದೆ. ಹಾಗಾಗಿ ಎರಡನ್ನೂ ಒಂದೇ ಅಂಕಿಯಲ್ಲಿ ಕಲಸಿಬಿಡಬೇಡಿ.

ಲೆಕ್ಕಕ್ಕೆಂದು ಒಂದು ಹೂಜಿ ತೆಗೆದುಕೊಳ್ಳೋಣ. ಇಲ್ಲಿಂದ ಮುಂದೆ ಬರುವ ದರಗಳೆಲ್ಲ ಉದಾಹರಣೆಗೆ ಇಟ್ಟುಕೊಂಡವು, ಇವತ್ತಿನ ಪೇಟೆ ದರ ಅಲ್ಲ. ಬೆಳ್ಳಿ 15 ಗ್ರಾಂ, ಗ್ರಾಂಗೆ ₹200ರಂತೆ ₹3,000. ಎರಕ, ಕೆತ್ತನೆ, ಹೊಳಪು ಸೇರಿ ಕೂಲಿ ₹2,800. ಪೆಟ್ಟಿಗೆ, ಹುಲ್ಲು, ಬಟ್ಟೆ ₹200. ಒಟ್ಟು ಅಸಲು ₹6,000. ಅದರ ಮೇಲೆ ಶೇಕಡ 25 ಲಾಭ ಸೇರಿದರೆ ₹7,500. ಇದು ಜಿಎಸ್‌ಟಿ ಸೇರದ ಬೆಲೆ. ಇದನ್ನೇ ಮೂಲ ಬೆಲೆ ಎಂದು ಕರೆಯೋಣ.

ಕರೆನ್ಸಿಗಳಿಗೆ ಮೂರಕ್ಷರದ ಸಂಕೇತ ಕೊಡುವ ಐಎಸ್‌ಒ 4217 ಪಟ್ಟಿಯಲ್ಲಿ ಬೆಳ್ಳಿಗೂ ಒಂದು ಸಂಕೇತವಿದೆ: ಎಕ್ಸ್‌ಎಜಿ. ಚಿನ್ನಕ್ಕೆ ಎಕ್ಸ್‌ಎಯು. ಹೊರದೇಶದ ದರಪಟ್ಟಿಗಳಲ್ಲಿ ಬೆಳ್ಳಿ ಟ್ರಾಯ್ ಔನ್ಸ್ ಲೆಕ್ಕದಲ್ಲಿ ಇರುತ್ತದೆ. ಒಂದು ಟ್ರಾಯ್ ಔನ್ಸ್ ಎಂದರೆ ಸುಮಾರು 31.1035 ಗ್ರಾಂ, ಅಡುಗೆಮನೆಯ 28.35 ಗ್ರಾಂ ಔನ್ಸ್ ಅಲ್ಲ. ನಮ್ಮ ಸರಾಫರು ಹೇಳುವುದು ಕಿಲೋ ದರ. ಎರಡರಲ್ಲಿ ಯಾವುದನ್ನು ಹಿಡಿಯುತ್ತೀರಿ ಎಂಬುದನ್ನು ಮೊದಲೇ ತೀರ್ಮಾನಿಸಿ. ನನ್ನ ಮಟ್ಟಿಗೆ ಸರಾಫಾ ದರವೇ ಸರಿ, ಏಕೆಂದರೆ ಕುಶಲಕರ್ಮಿ ಬೆಳ್ಳಿ ಕೊಳ್ಳುವುದು ಅಲ್ಲಿ.

ಹಂತ 2: ಫ್ಲೋಟ್ (ಕೋಡ್‌ನಲ್ಲಿ ಬಳಸುವ ಮಾಮೂಲಿ ದಶಮಾಂಶ ಸಂಖ್ಯೆ) ಬಿಡಿ. ಯಾಕೆ ಎಂಬುದನ್ನು ನಮ್ಮ ಅಜ್ಜಂದಿರ ನಾಣ್ಯದಿಂದಲೇ ತಿಳಿಯಬಹುದು

ಬೀದರ್, ಕಲಬುರಗಿ ಎಲ್ಲ ಹೈದರಾಬಾದ್ ಸಂಸ್ಥಾನದಲ್ಲಿದ್ದಾಗ ಇಲ್ಲಿ ಎರಡು ರೂಪಾಯಿ ಓಡಾಡುತ್ತಿದ್ದವು. ನಿಜಾಮನದು ಹಾಲಿ, ಬ್ರಿಟಿಷರದು ಕಲ್ದಾರ್. ಏಳು ಹಾಲಿಗೆ ಆರು ಕಲ್ದಾರ್. ನೂರು ಕಲ್ದಾರಿಗೆ ಹಾಲಿ ಎಷ್ಟು ಎಂದರೆ 116 ರೂಪಾಯಿ 10 ಆಣೆ 8 ಪೈ ಎಂದು ಬರೆಯುತ್ತಿದ್ದರು. ಆಗ ರೂಪಾಯಿಗೆ 16 ಆಣೆ, ಆಣೆಗೆ 12 ಪೈ, ಅಂದರೆ ರೂಪಾಯಿಗೆ 192 ಪೈ. 192ನ್ನು ಮೂರರಿಂದ ಭಾಗಿಸಿದರೆ ಶೇಷ ಉಳಿಯುವುದಿಲ್ಲ. ಹಾಗಾಗಿ ರೂಪಾಯಿಯ ಮೂರನೇ ಎರಡು ಭಾಗ ಎಂದರೆ 10 ಆಣೆ 8 ಪೈ, ಒಂದಿಷ್ಟೂ ಹೆಚ್ಚುಕಡಿಮೆ ಇಲ್ಲದ ಮೊತ್ತ.

1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯ ಬಂತು, ರೂಪಾಯಿಗೆ 100 ನಯಾ ಪೈಸೆ ಆಯಿತು. ಅದೇ ಮೊತ್ತವನ್ನು ಈಗ ಬರೆದು ನೋಡಿ: 116.6666… ಮುಗಿಯುವುದೇ ಇಲ್ಲ. 116.67 ಎಂದು ನಿಲ್ಲಿಸಿದರೆ ಅದು ಬೇರೆ ಮೊತ್ತ. ಮೊತ್ತ ಬದಲಾಗಿಲ್ಲ, ಬರೆಯುವ ಅಳತೆ ಬದಲಾಗಿದೆ.

ಫ್ಲೋಟ್ ಸಂಖ್ಯೆಗೂ ಇದೇ ಪಾಡು. ಕಂಪ್ಯೂಟರ್ ಅದನ್ನು ಎರಡರ ಘಾತಗಳಲ್ಲಿ ಬರೆದಿಡುತ್ತದೆ. ಆ ಅಳತೆಯಲ್ಲಿ ನಮ್ಮ ಹತ್ತು ಪೈಸೆ, ಅಂದರೆ 0.1, ಮುಗಿಯದ ಸಂಖ್ಯೆ. ಪೈಥಾನ್ ಎಂಬ ಕೋಡ್ ಭಾಷೆಯಲ್ಲಿ 0.1ಕ್ಕೆ 0.2 ಕೂಡಿಸಿದರೆ 0.30000000000000004 ಬರುತ್ತದೆ. 2.675ನ್ನು ಎರಡು ಸ್ಥಾನಕ್ಕೆ ರೌಂಡ್ ಮಾಡು ಎಂದರೆ 2.68ರ ಬದಲು 2.67 ಕೊಡುತ್ತದೆ, ಯಾಕೆಂದರೆ ಒಳಗೆ ಕೂತಿರುವುದು 2.675ಕ್ಕಿಂತ ಕೂದಲೆಳೆಯಷ್ಟು ಕಡಿಮೆ ಇರುವ ಸಂಖ್ಯೆ. ಇದು ಕಂಪ್ಯೂಟರಿನ ದೋಷವಲ್ಲ, ಹಣಕ್ಕೆ ತಪ್ಪು ಅಳತೆಗೋಲು ಹಿಡಿದದ್ದರ ಫಲ.

ಇದಕ್ಕೆ ಎರಡು ದಾರಿಗಳಿವೆ. ಒಂದು, ಪೈಥಾನ್‌ನ ಡೆಸಿಮಲ್‌ನಂಥ ಹತ್ತರ ಅಳತೆಯ ಸಂಖ್ಯೆ ಬಳಸುವುದು. ಇನ್ನೊಂದು, ಎಲ್ಲವನ್ನೂ ಪೈಸೆ, ಸೆಂಟ್‌ಗಳ ಪೂರ್ಣಾಂಕದಲ್ಲೇ ಇಟ್ಟುಕೊಳ್ಳುವುದು. ಜಾವಾಸ್ಕ್ರಿಪ್ಟ್‌ನ ಡೈನೆರೋ ಲೈಬ್ರರಿ ಎರಡನೆಯ ದಾರಿ ಹಿಡಿದಿದೆ. ಡೆಸಿಮಲ್ ಬಳಸುವವರಿಗೆ ಒಂದು ಎಚ್ಚರಿಕೆ: ಸಂಖ್ಯೆಯನ್ನು ಉದ್ಧರಣ ಚಿಹ್ನೆಯೊಳಗೆ ಪಠ್ಯವಾಗಿ ಕೊಡಿ. ಚಿಹ್ನೆ ಇಲ್ಲದೆ 0.1 ಎಂದು ಕೊಟ್ಟರೆ ಅದು ಮೊದಲು ಫ್ಲೋಟ್ ಆಗಿ, ಕೆಟ್ಟು, ಆಮೇಲೆ ಡೆಸಿಮಲ್‌ಗೆ ಬರುತ್ತದೆ. ಡೇಟಾಬೇಸ್‌ನಲ್ಲೂ ಬೆಲೆಯ ಕಾಲಂ ಫ್ಲೋಟ್ ಆಗಿರಬಾರದು.

ಹಂತ 3: ಸಂಖ್ಯೆಗೂ ಕರೆನ್ಸಿಗೂ ಗಂಟು ಹಾಕಿ

7500 ಎಂದು ಮಾತ್ರ ಬರೆದಿಟ್ಟರೆ ಅದು ಬೆಲೆಯಲ್ಲ. ‘7500, ಐಎನ್‌ಆರ್’ (ರೂಪಾಯಿಯ ಸಂಕೇತ) ಎಂಬ ಜೋಡಿ ಬೆಲೆ. ಈ ಗಂಟನ್ನು ಕೋಡ್‌ನ ಯಾವ ಮೂಲೆಯಲ್ಲೂ ಬಿಚ್ಚಬಾರದು. ಒಂದು ಫಂಕ್ಷನ್‌ನಿಂದ (ಒಂದು ಕೆಲಸ ಮಾಡುವ ಕೋಡ್ ತುಣುಕಿನಿಂದ) ಇನ್ನೊಂದಕ್ಕೆ ಹೋಗುವಾಗಲೂ, ಡೇಟಾಬೇಸ್‌ಗೆ ಇಳಿಸುವಾಗಲೂ ಎರಡೂ ಒಟ್ಟಿಗೆ ಹೋಗಬೇಕು.

ಇದಕ್ಕೆ ನೀವೇ ಮೊದಲಿನಿಂದ ಬರೆಯಬೇಕಾಗಿಲ್ಲ. ಪೈಥಾನ್‌ಗೆ ಪೈ-ಮನೀಡ್, ಪಿಎಚ್‌ಪಿಗೆ ಬ್ರಿಕ್ ಮನಿ, ಜಾವಾಗೆ ಜೋಡಾ ಮನಿ ಇವೆ. ಪೈ-ಮನೀಡ್‌ನಲ್ಲಿ ರೂಪಾಯಿಗೆ ಡಾಲರ್ ಕೂಡಿಸಲು ಹೋದರೆ ಲೆಕ್ಕ ನಿಲ್ಲುತ್ತದೆ, ದೋಷ ತೋರಿಸುತ್ತದೆ. ಬ್ರಿಕ್ ಮನಿಯಲ್ಲಿ ರೌಂಡ್ ಮಾಡಬೇಕಾದ ಸಂದರ್ಭ ಬಂದಾಗ ಹೇಗೆ ಮಾಡಬೇಕೆಂದು ನೀವು ಹೇಳಿರದಿದ್ದರೆ ಅದೂ ಅಷ್ಟೇ, ಮುಂದೆ ಹೋಗುವುದಿಲ್ಲ. ಈ ಹಟವೇ ನನಗೆ ಇಷ್ಟ. ಸುಮ್ಮನೆ ಏನೋ ಒಂದು ಉತ್ತರ ಕೊಡುವ ಲೈಬ್ರರಿಗಿಂತ ನಿಂತು ಕೇಳುವ ಲೈಬ್ರರಿ ಸಾವಿರ ಪಾಲು ಮೇಲು. ಇವುಗಳ ಮೇಲೆ ನಮ್ಮ ಅಂಗಡಿಯ ನಿಯಮಗಳ ಒಂದು ತೆಳು ಪದರ ಬರೆಯುವುದಷ್ಟೇ ನಮ್ಮ ಕೆಲಸ.

ಕರೆನ್ಸಿಯ ಸಂಕೇತದ ಜೊತೆಗೆ ಎಷ್ಟು ದಶಮಾಂಶ ಸ್ಥಾನ ಎಂಬುದೂ ಬರುತ್ತದೆ. ರೂಪಾಯಿ, ಡಾಲರ್, ಯೂರೋ, ದಿರ್ಹಮ್, ಸೌದಿ ರಿಯಾಲ್‌ಗೆ ಎರಡು. ಯೆನ್‌ಗೆ ಸೊನ್ನೆ. ಕುವೈತ್ ದಿನಾರ್, ಬಹ್ರೇನ್ ದಿನಾರ್, ಒಮಾನ್ ರಿಯಾಲ್‌ಗೆ ಮೂರು. ‘ಎಲ್ಲಕ್ಕೂ ಎರಡು’ ಎಂದು ಕೋಡ್‌ನಲ್ಲಿ ಬರೆದಿದ್ದರೆ ಈಗಲೇ ಹುಡುಕಿ ತೆಗೆಯಿರಿ. ಕೊಲ್ಲಿ ದೇಶಗಳ ಗಿರಾಕಿಗಳು ಬಂದ ದಿನ ಅದು ಕಚ್ಚುತ್ತದೆ.

ಹಂತ 4: ದರಕ್ಕೆ ದಿನಾಂಕ, ದಿಕ್ಕು, ಅಳತೆ

ಕಲಬುರಗಿ ಎಪಿಎಂಸಿಯಲ್ಲಿ ಹೋದ ವಾರದ ತೊಗರಿ ದರಕ್ಕೆ ಇವತ್ತು ಮಾಲು ಕೊಡಿ ಎಂದರೆ ಯಾರೂ ತೂಗುವುದಿಲ್ಲ. ವಿನಿಮಯ ದರವೂ ಹಾಗೆಯೇ, ದಿನಾಂಕ ಇಲ್ಲದ್ದು ದರವಲ್ಲ. ನಮ್ಮಲ್ಲಿ 2018ರ ಜುಲೈನಿಂದ ರೂಪಾಯಿಯ ಉಲ್ಲೇಖ ದರವನ್ನು ರಿಸರ್ವ್ ಬ್ಯಾಂಕಿನ ಬದಲು ಎಫ್‌ಬಿಐಎಲ್ (ಫೈನಾನ್ಷಿಯಲ್ ಬೆಂಚ್‌ಮಾರ್ಕ್ಸ್ ಇಂಡಿಯಾ) ಎಂಬ ಸಂಸ್ಥೆ ಪ್ರಕಟಿಸುತ್ತಿದೆ. ಯುರೋಪಿನ ಕೇಂದ್ರ ಬ್ಯಾಂಕ್ ಕೆಲಸದ ದಿನಗಳಲ್ಲಿ ಅಲ್ಲಿಯ ಸಂಜೆ ನಾಲ್ಕರ ಸುಮಾರಿಗೆ ಯೂರೋ ಆಧಾರದ ಪಟ್ಟಿ ಕೊಡುತ್ತದೆ, ಅದರಲ್ಲಿ ರೂಪಾಯಿಯೂ ಇರುತ್ತದೆ. ಶನಿವಾರ, ಭಾನುವಾರ ಹೊಸ ದರ ಇರುವುದಿಲ್ಲ. ಆಗ ಶುಕ್ರವಾರದ್ದನ್ನೇ ಬಳಸಿ, ಆದರೆ ಶುಕ್ರವಾರದ ದಿನಾಂಕದೊಂದಿಗೇ ಬಳಸಿ. ನಾನು ಐದು ದಿನ ಎಂದು ಗಡಿ ಹಾಕಿದ್ದೇನೆ. ಅದಕ್ಕಿಂತ ಹಳೆಯ ದರ ಸಿಕ್ಕರೆ ಲೈಬ್ರರಿ ಬೆಲೆ ತೋರಿಸುವುದಿಲ್ಲ, ‘ವಿಚಾರಿಸಿ’ ಎನ್ನುತ್ತದೆ.

ದಿಕ್ಕು ಎಂದರೆ ಒಂದು ಡಾಲರಿಗೆ ಎಷ್ಟು ರೂಪಾಯಿಯೋ, ಒಂದು ರೂಪಾಯಿಗೆ ಎಷ್ಟು ಡಾಲರೋ. 88.70 ಎಂಬ ದರವನ್ನು ತಿರುವಿ 0.0113 ಎಂದು ಬರೆದಿಟ್ಟು ಗುಣಿಸುತ್ತಾ ಹೋದರೆ ₹7,500ಕ್ಕೆ 84.75 ಡಾಲರ್ ಬರುತ್ತದೆ. ನೇರ ಭಾಗಿಸಿದರೆ 84.55. ಇಪ್ಪತ್ತು ಸೆಂಟ್ ಎಲ್ಲಿಂದಲೋ ಬಂತು. 1999ರಲ್ಲಿ ಯೂರೋ ಬರುವ ಮುಂಚೆಯೇ ಯುರೋಪಿನವರು ಇದನ್ನು ಕಾನೂನಿನಲ್ಲೇ ಬರೆದರು: ಒಂದು ಯೂರೋಗೆ ಇಷ್ಟು ಎಂಬ ದರವನ್ನು ಆರು ಸಾರ್ಥಕ ಅಂಕಿಗಳಲ್ಲಿ ಇಡಬೇಕು, ಅದನ್ನು ಮೊಟಕು ಮಾಡಬಾರದು, ತಿರುವಿ ಹಾಕಿದ ದರವನ್ನು ಬಳಸಲೇಬಾರದು. ನಮ್ಮ ಲೈಬ್ರರಿಗೂ ಅದೇ ನಿಯಮ ಇಟ್ಟುಕೊಳ್ಳಿ. ದರ ಬಂದ ದಿಕ್ಕಿನಲ್ಲೇ ಉಳಿಯಲಿ, ಅಗತ್ಯವಿದ್ದಾಗ ಭಾಗಿಸಿ.

ಅಳತೆಯ ವಿಷಯದಲ್ಲಿ ನನ್ನ ಕೈಯಿಂದಲೇ ದೊಡ್ಡ ತಪ್ಪಾಗಿತ್ತು. ನಮ್ಮ ಉಲ್ಲೇಖ ದರದಲ್ಲಿ ಯೆನ್ ಒಂದಕ್ಕೆ ಅಲ್ಲ, 100 ಯೆನ್‌ಗೆ ಇಷ್ಟು ರೂಪಾಯಿ ಎಂದು ಇರುತ್ತದೆ. ನಾನು ಅದನ್ನು ಒಂದು ಯೆನ್ ಎಂದೇ ಓದಿಸಿದ್ದೆ. ಹದಿಮೂರು ಸಾವಿರ ಯೆನ್ ದಾಟಬೇಕಿದ್ದ ಹೂಜಿ ಪರದೆಯ ಮೇಲೆ 135 ಯೆನ್‌ಗೆ ಕೂತಿತ್ತು, ಎಂಬತ್ತು ರೂಪಾಯಿಯೂ ಇಲ್ಲ. ಮಾರನೆಯ ದಿನ ಸೈಟ್ ತೆರೆಯುವುದಿತ್ತು. ಹಿಂದಿನ ರಾತ್ರಿ ಪಟ್ಟಿ ನೋಡುತ್ತಿದ್ದ ಆ ಮನೆಯ ಮಗಳು ಹಿಡಿಯದಿದ್ದರೆ ಹದಿನೈದು ದಿನದ ಕೆತ್ತನೆ ಚಹಾದ ದುಡ್ಡಿಗೆ ಹೋಗುತ್ತಿತ್ತು. ಅಂದಿನಿಂದ ನನ್ನ ದರದ ದಾಖಲೆಯಲ್ಲಿ ‘ಎಷ್ಟು ಘಟಕಕ್ಕೆ’ ಎಂಬ ಕಾಲಂ ಕಡ್ಡಾಯ. ಜೊತೆಗೆ ನಿನ್ನೆಯ ದರಕ್ಕಿಂತ ಶೇಕಡ 5ಕ್ಕಿಂತ ಹೆಚ್ಚು ವ್ಯತ್ಯಾಸ ಕಂಡರೆ ಮನುಷ್ಯರು ನೋಡಿ ಒಪ್ಪುವ ತನಕ ಹೊಸ ದರ ಜಾರಿಗೆ ಬರುವುದಿಲ್ಲ.

ಹಂತ 5: ಪರಿವರ್ತನೆ, ಮತ್ತು ಒಂದೇ ಒಂದು ರೌಂಡಿಂಗ್

ಎಲ್ಲಕ್ಕಿಂತ ಹೆಚ್ಚು ತಪ್ಪು ನಡೆಯುವುದು ಇಲ್ಲಿ, ಹಾಗಾಗಿ ನಿಧಾನವಾಗಿ ಹೋಗೋಣ.

ಪೇಮೆಂಟ್ ಗೇಟ್‌ವೇ (ಆನ್‌ಲೈನ್‌ನಲ್ಲಿ ಗಿರಾಕಿಯಿಂದ ಹಣ ಪಡೆದು ನಮಗೆ ಮುಟ್ಟಿಸುವ ಸೇವೆ) ಮತ್ತು ಬ್ಯಾಂಕ್ ಸೇರಿ ಶೇಕಡ 4 ಹಿಡಿಯುತ್ತಾರೆ ಎಂದುಕೊಳ್ಳಿ. ಹೆಚ್ಚಿನವರು ₹7,500ಕ್ಕೆ ಶೇಕಡ 4 ಸೇರಿಸಿ ₹7,800 ಮಾಡುತ್ತಾರೆ. ಆದರೆ ಅವರು ಹಿಡಿಯುವುದು ಗಿರಾಕಿ ಕೊಟ್ಟ ಪೂರ್ತಿ ಮೊತ್ತದ ಮೇಲೆ. 7,800ರ ಶೇಕಡ 4 ಎಂದರೆ 312. ಕೈಗೆ ಉಳಿಯುವುದು ₹7,488. ಒಂದೊಂದು ಹೂಜಿಗೂ ₹12 ಖೋತಾ. ಸರಿಯಾದದ್ದು 0.96ರಿಂದ ಭಾಗಿಸುವುದು: 7,500 ÷ 0.96 = 7,812.50. ಇದರ ಶೇಕಡ 4 ಕಳೆದರೆ ಸರಿಯಾಗಿ 7,500 ಉಳಿಯುತ್ತದೆ.

ಈಗ ಡಾಲರಿಗೆ: 7,812.50 ÷ 88.70 = 88.07779… ಇದನ್ನು ಎರಡು ಸ್ಥಾನಕ್ಕೆ ತಂದರೆ 88.08 ಡಾಲರ್.

ಇದನ್ನೇ ಅವಸರದಲ್ಲಿ ಮಾಡಿದರೆ ಏನಾಗುತ್ತದೆ ನೋಡಿ. ಮೊದಲು 7,500 ÷ 88.70 = 84.55467…, ರೌಂಡ್ ಮಾಡಿ 84.55. ಅದನ್ನು 0.96ರಿಂದ ಭಾಗಿಸಿದರೆ 88.07291…, ರೌಂಡ್ ಮಾಡಿ 88.07. ಒಂದು ಸೆಂಟ್ ಹೋಯಿತು, ಸುಮಾರು 89 ಪೈಸೆ. 250 ಹೂಜಿಗಳ ಆರ್ಡರ್ ಆದರೆ ₹220 ದಾಟುತ್ತದೆ. ಹಣಕ್ಕಿಂತ ದೊಡ್ಡ ತೊಂದರೆ, ಪುಟದಲ್ಲಿ ಒಂದು ಬೆಲೆ, ಬಿಲ್ಲಿನಲ್ಲಿ ಇನ್ನೊಂದು ಬೆಲೆ ಬಂದಾಗ ಗಿರಾಕಿಯ ನಂಬಿಕೆ ಹೋಗುತ್ತದೆ.

ಹಾಗಾಗಿ ನಡುವಿನ ಎಲ್ಲ ಹಂತಗಳಲ್ಲಿ ಅಂಕಿಗಳು ಪೂರ್ತಿ ಉದ್ದಕ್ಕೆ ಇರಲಿ. ರೌಂಡಿಂಗ್ ಕೊನೆಗೆ, ಒಂದೇ ಸಲ, ಒಂದೇ ಫಂಕ್ಷನ್‌ನಲ್ಲಿ. ಬೇರೆಲ್ಲೂ ರೌಂಡ್ ಎಂಬ ಪದವೇ ಕಾಣಬಾರದು. ಕೋಡ್‌ನಲ್ಲಿ ಹುಡುಕಿದರೆ ಒಂದೇ ಕಡೆ ಸಿಗಬೇಕು.

ಅರ್ಧಕ್ಕೆ ಬಂದು ನಿಂತಾಗ ಯಾವ ಕಡೆ ಹೋಗಬೇಕು ಎಂಬುದನ್ನೂ ಹೇಳಿಡಿ. ಪೈಥಾನ್ ಡೆಸಿಮಲ್ ತಾನಾಗಿ ಸಮ ಅಂಕಿಯ ಕಡೆ ಹೋಗುತ್ತದೆ: 2.665 ಅಲ್ಲಿ 2.66 ಆಗುತ್ತದೆ. ನಮ್ಮ ಅಂಗಡಿ ಲೆಕ್ಕದಲ್ಲಿ ಅರ್ಧ ಬಂದರೆ ಮೇಲಕ್ಕೆ, 2.67. ಜಿಎಸ್‌ಟಿ ಕಾಯ್ದೆಯ 170ನೇ ಸೆಕ್ಷನ್ ಕೂಡ ತೆರಿಗೆ ಮೊತ್ತದಲ್ಲಿ 50 ಪೈಸೆ ಅಥವಾ ಹೆಚ್ಚು ಇದ್ದರೆ ಮೇಲಿನ ರೂಪಾಯಿಗೆ ಏರಿಸಿ ಎನ್ನುತ್ತದೆ. ನಾನು ಎಲ್ಲ ಕಡೆ ಅರ್ಧಕ್ಕೆ ಮೇಲೆ ಎಂದೇ ಇಟ್ಟಿದ್ದೇನೆ, ಕುಶಲಕರ್ಮಿ ಕ್ಯಾಲ್ಕುಲೇಟರ್ ಒತ್ತಿ ನೋಡಿದರೂ ಅದೇ ಬರಬೇಕೆಂದು.

ಯೆನ್‌ಗೆ: 100 ಯೆನ್‌ಗೆ ₹58 ಇದ್ದರೆ 7,812.50 × 100 ÷ 58 = 13,469.83, ಅಂದರೆ 13,470 ಯೆನ್. ದಿರ್ಹಮ್ ಸುಲಭ. 1997ರಿಂದ ಅದು ಡಾಲರಿಗೆ 3.6725ರಂತೆ ಕಟ್ಟಿಕೊಂಡಿದೆ. ರೌಂಡ್ ಆಗದ ಡಾಲರ್ ಅಂಕಿಯನ್ನು ಅದರಿಂದ ಗುಣಿಸಿ: 323.47 ದಿರ್ಹಮ್.

ಹಂತ 6: ಪರಿವರ್ತಿಸಿದ ಅಂಕಿಯೇ ಮಾರುವ ಬೆಲೆ ಆಗಬೇಕಿಲ್ಲ

88.08 ಡಾಲರ್ ಎಂಬುದು ಲೆಕ್ಕ. ಅಂಗಡಿಯಲ್ಲಿ ಹಾಗೆ ಬರೆದರೆ, ನಾಳೆ ಅದೇ 87.91 ಆದರೆ, ನಾಡಿದ್ದು 88.40 ಆದರೆ, ಮೂರು ದಿನ ಯೋಚಿಸಿ ಕೊಳ್ಳುವ ಗಿರಾಕಿ ಗೊಂದಲಕ್ಕೆ ಬೀಳುತ್ತಾನೆ. ನಾವು ಮಾಡಿರುವುದು: ಆ ಲೆಕ್ಕಕ್ಕೆ ಹತ್ತಿರದ ಮೇಲಿನ ಪೂರ್ಣ ಡಾಲರ್, ಇಲ್ಲಿ 89, ಮಾರುವ ಬೆಲೆ. ಅದನ್ನು ಪಟ್ಟಿಯಲ್ಲಿ ಬರೆದಿಡುತ್ತೇವೆ. ಪ್ರತಿ ರಾತ್ರಿ ಲೈಬ್ರರಿ ಹೊಸ ಲೆಕ್ಕ ಹಾಕಿ ಪಟ್ಟಿಯ ಬೆಲೆಯೊಂದಿಗೆ ಹೋಲಿಸುತ್ತದೆ. ವ್ಯತ್ಯಾಸ ಶೇಕಡ 3 ದಾಟಿದರೆ ಮಾತ್ರ ಹೊಸ ಬೆಲೆ ಸೂಚಿಸುತ್ತದೆ, ಯಜಮಾನರು ಒಪ್ಪಿದ ಮೇಲೆ ಬದಲಾಗುತ್ತದೆ. ಬೆಳ್ಳಿ ಜಿಗಿದ ವಾರಗಳಲ್ಲಿ ಇದು ತುಂಬ ಕೆಲಸಕ್ಕೆ ಬಂತು.

ಇನ್ನೊಂದು ಮಾತು ಜಿಎಸ್‌ಟಿ ಬಗ್ಗೆ. ಬೀದರಿನಲ್ಲಿ ಮಾರುವ ತೆರಿಗೆ ಸೇರಿದ ಬೆಲೆಯನ್ನೇ ಡಾಲರಿಗೆ ತಿರುಗಿಸಬೇಡಿ. ರಫ್ತು ನಮ್ಮಲ್ಲಿ ಶೂನ್ಯ ದರದ ಪೂರೈಕೆ. ಎಲ್‌ಯುಟಿ (ತೆರಿಗೆ ಕಟ್ಟದೆ ರಫ್ತು ಮಾಡಲು ಕೊಡುವ ಮುಚ್ಚಳಿಕೆ ಪತ್ರ) ಸಲ್ಲಿಸಿದ್ದರೆ ಐಜಿಎಸ್‌ಟಿ (ರಫ್ತಿಗೆ ಅನ್ವಯವಾಗುವ ಜಿಎಸ್‌ಟಿ) ಕಟ್ಟದೆ ಕಳಿಸಬಹುದು. ತೆರಿಗೆ ಶೇಕಡ 5 ಎಂದುಕೊಂಡರೆ ₹7,500ರ ಹೂಜಿ ಇಲ್ಲಿ ₹7,875. ಆ ₹375ನ್ನು ಜರ್ಮನಿಯವನು ಕೊಡಬೇಕಾಗಿಲ್ಲ. ಅವನ ದೇಶದ ತೆರಿಗೆ ಬೇರೆಯೇ ಇರುತ್ತದೆ. ಪರಿವರ್ತನೆ ಯಾವಾಗಲೂ ಮೂಲ ಬೆಲೆಯಿಂದಲೇ ಆಗಲಿ.

ಹಂತ 7: ಹಂಚುವಾಗ ಒಂದು ಸೆಂಟ್ ಕಳೆದುಹೋಗದಿರಲಿ

ಮೂರು ತಟ್ಟೆಗಳ ಸೆಟ್ 100 ಡಾಲರ್. ಬಿಲ್ಲಿನಲ್ಲಿ ಒಂದೊಂದರ ಬೆಲೆ ಬರೆಯಬೇಕು. ಮೂರಕ್ಕೂ 33.33 ಎಂದರೆ 99.99 ಆಗುತ್ತದೆ. ಲೈಬ್ರರಿಗಳಲ್ಲಿ ಹಂಚಿಕೆಗೆ ಬೇರೆ ಫಂಕ್ಷನ್ ಇರುತ್ತದೆ, ಡೈನೆರೋದಲ್ಲಿ ಅದರ ಹೆಸರು ಅಲೊಕೇಟ್. ಅದು 33.34, 33.33, 33.33 ಎಂದು ಕೊಡುತ್ತದೆ. ರಿಯಾಯಿತಿ, ಸಾಗಣೆ ವೆಚ್ಚ ಹಂಚುವಾಗಲೂ ಭಾಗಾಕಾರ ಬೇಡ, ಇದನ್ನೇ ಬಳಸಿ.

ಹಂತ 8: ಆರ್ಡರ್ ಆದ ಕ್ಷಣಕ್ಕೆ ಎಲ್ಲವನ್ನೂ ಬರೆದಿಡಿ

ಗಿರಾಕಿ ಹಣ ಕಟ್ಟಿದ ಮೇಲೆ ಆ ಆರ್ಡರಿನ ಬೆಲೆಯನ್ನು ಮತ್ತೆ ಲೆಕ್ಕ ಹಾಕಬಾರದು. ಮೂಲ ರೂಪಾಯಿ ಬೆಲೆ, ದರ, ದರದ ದಿನಾಂಕ, ದರ ಎಲ್ಲಿಂದ ಬಂತು, ಗಿರಾಕಿ ಕೊಟ್ಟ ಮೊತ್ತ ಮತ್ತು ಕರೆನ್ಸಿ, ಇವೆಲ್ಲ ಆರ್ಡರಿನ ಜೊತೆಗೇ ಉಳಿಯಲಿ. ಎರಡು ತಿಂಗಳ ನಂತರ ಮುರಿದ ಹೂಜಿ ವಾಪಸ್ ಬಂದರೆ 89 ಡಾಲರ್ ಪಡೆದವರು 89 ಡಾಲರನ್ನೇ ಮರಳಿಸಬೇಕು, ಇವತ್ತಿನ ದರದಲ್ಲಿ ₹7,500ಕ್ಕೆ ಎಷ್ಟಾಗುತ್ತದೋ ಅಷ್ಟನ್ನಲ್ಲ. ಕರೆನ್ಸಿಗಳೇ ಮಾಯವಾಗುವುದೂ ಉಂಟು: ಕ್ರೊಯೇಷಿಯಾ 2023ರ ಜನವರಿ 1ರಂದು ಕುನಾ ಬಿಟ್ಟು ಯೂರೋಗೆ ಹೋಯಿತು. ಹಳೆಯ ಆರ್ಡರ್‌ಗಳಲ್ಲಿ ಕುನಾ ಕುನಾ ಆಗಿಯೇ ಇರಬೇಕು. ನಮ್ಮ ಕಡೆಯ ಹಳೆಯ ದಫ್ತರಗಳಲ್ಲಿ ಹಾಲಿ ಇಂದಿಗೂ ಹಾಲಿಯಾಗಿಯೇ ಇದೆಯಲ್ಲ, ಹಾಗೆ.

ಗೇಟ್‌ವೇಗೆ ಮೊತ್ತ ಕಳಿಸುವಾಗ ಹೆಚ್ಚಿನವು ಅತಿ ಸಣ್ಣ ಘಟಕದಲ್ಲಿ ಕೇಳುತ್ತವೆ. ₹7,500 ಎಂದರೆ 7,50,000 ಪೈಸೆ. 13,470 ಯೆನ್ ಎಂದರೆ 13,470, ಗುಣಿಸುವ ಹಾಗಿಲ್ಲ. ಕುವೈತ್ ದಿನಾರ್ ₹289 ಇದ್ದರೆ ₹7,812.50ರ ನಮ್ಮ ಹೂಜಿ 27.033 ದಿನಾರ್, ಅಂದರೆ 27,033 ಫಿಲ್ಸ್. ಇಲ್ಲಿ 100ರಿಂದ ಗುಣಿಸಿದರೆ 2,703 ಹೋಗಿ ಗಿರಾಕಿಗೆ 2.703 ದಿನಾರ್ ಮಾತ್ರ ಬಿಲ್ ಆಗುತ್ತದೆ. ಮೂರು ಸ್ಥಾನದ ಕರೆನ್ಸಿಗಳಲ್ಲಿ ಕೊನೆಯ ಅಂಕಿ ಸೊನ್ನೆಯೇ ಇರಬೇಕು ಎನ್ನುವ ಗೇಟ್‌ವೇಗಳೂ ಇವೆ. ನಿಮ್ಮದರ ಕೈಪಿಡಿ ಓದಿಕೊಳ್ಳಿ.

ಹಂತ 9: ತೋರಿಸುವುದು

ನಮಗೆ 1,25,000, ಅಮೆರಿಕದವರಿಗೆ 125,000, ಜರ್ಮನಿಯವರಿಗೆ 125.000. ಇದನ್ನು ಕೈಯಾರೆ ಬರೆಯಬೇಡಿ. ಬ್ರೌಸರ್‌ಗಳಲ್ಲಿ, ಪೈಥಾನ್‌ನ ಬೇಬಲ್ ಲೈಬ್ರರಿಯಲ್ಲಿ ಈ ರೂಢಿಗಳೆಲ್ಲ ಸಿದ್ಧವಿವೆ. ಡಾಲರ್ ಚಿಹ್ನೆಯೊಂದನ್ನೇ ಹಾಕಿದರೆ ಅಮೆರಿಕದ್ದೋ, ಕೆನಡಾದ್ದೋ, ಸಿಂಗಪುರದ್ದೋ ಎಂದು ತಿಳಿಯುವುದಿಲ್ಲ, ಸಂಕೇತವನ್ನೂ ಹಾಕಿ. ಸೌದಿ ರಿಯಾಲ್‌ಗೆ 2025ರಲ್ಲಿ ಹೊಸ ಚಿಹ್ನೆ ಬಂದಿದೆ, ಹಳೆಯ ಫೋನ್‌ಗಳಲ್ಲಿ ಅದರ ಜಾಗದಲ್ಲಿ ಖಾಲಿ ಚೌಕ ಕಾಣಬಹುದು. ಅಲ್ಲಿಗೂ ಸಂಕೇತವೇ ವಾಸಿ.

ಹಂತ 10: ಪರೀಕ್ಷೆ

ಸೈಟ್ ತೆರೆಯುವ ಮುನ್ನ ಮೂರು ವಸ್ತು ಆರಿಸಿ: ಅತಿ ಅಗ್ಗದ್ದು, ಅತಿ ದುಬಾರಿಯದು, ನಡುವಿನದು. ನಮ್ಮಲ್ಲಿ ಅವು ಅಂಗಿಯ ಗುಂಡಿ, ದೊಡ್ಡ ಹೂದಾನಿ ಮತ್ತು ಈ ಹೂಜಿ. ಮೂರಕ್ಕೂ ಡಾಲರ್, ಯೆನ್, ಕುವೈತ್ ದಿನಾರ್‌ಗಳಲ್ಲಿ ಬೆಲೆಯನ್ನು ಯಜಮಾನರೇ ಕ್ಯಾಲ್ಕುಲೇಟರ್‌ನಲ್ಲಿ ಹಾಕಲಿ, ನೀವು ಹಾಕಬೇಡಿ. ಆ ಒಂಬತ್ತು ಅಂಕಿಗಳನ್ನು ಕೋಡ್‌ನ ಪರೀಕ್ಷೆಗಳಲ್ಲಿ ಹಾಗೇ ಬರೆದಿಡಿ. ಅವುಗಳ ಜೊತೆಗೆ ರೂಪಾಯಿಗೆ ಡಾಲರ್ ಕೂಡಿಸಿದಾಗ ಲೈಬ್ರರಿ ನಿಲ್ಲುತ್ತದೆಯೇ, ಆರು ದಿನದ ಹಳೆಯ ದರ ಕೊಟ್ಟಾಗ ಬೆಲೆ ಹೇಳಲು ಒಪ್ಪದೆ ಉಳಿಯುತ್ತದೆಯೇ, 100 ಡಾಲರನ್ನು ಮೂರಕ್ಕೆ ಹಂಚಿ ಮತ್ತೆ ಕೂಡಿಸಿದರೆ 100 ಬರುತ್ತದೆಯೇ ಎಂದೂ ನೋಡಿ. ಲೈಬ್ರರಿಯ ಹೊಸ ಆವೃತ್ತಿ ಹಾಕಿದಾಗಲೆಲ್ಲ ಇವೆಲ್ಲ ಮತ್ತೆ ಓಡಬೇಕು. ಒಂದು ಸೆಂಟ್ ವ್ಯತ್ಯಾಸ ಬಂದರೂ ಅವತ್ತು ಸೈಟಿಗೆ ಏರಿಸಬೇಡಿ. ಎಲ್ಲೋ ಎರಡನೆಯ ರೌಂಡಿಂಗ್ ನುಸುಳಿರುತ್ತದೆ, ಹುಡುಕಿ.